ಬೋರ್ಡು ಅದೇ, ಭಟ್ಟರು ಯಾರು? ಕೈ ಬದಲಾಯಿಸಿದ ಆಡಿಯೊ ಬ್ರ್ಯಾಂಡ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು

ಧಾರವಾಡದಲ್ಲಿ ತಬಲಾ ಕಲಿಯುತ್ತಿರುವ ನನ್ನ ತಂಗಿಯ ಮಗ ಕಳೆದ ತಿಂಗಳು ಫೋನ್ ಮಾಡಿದ. ಮನೆಯಲ್ಲೇ ರೆಕಾರ್ಡಿಂಗ್ ಮಾಡಲು ಒಂದು ಒಳ್ಳೆಯ ಹೆಡ್‌ಫೋನ್ ಬೇಕಿತ್ತು. ನಾಲ್ಕು ದಿನ ಹುಡುಕಿ ತಲೆ ಬಿಸಿ ಮಾಡಿಕೊಂಡಿದ್ದ. "ಮಾಮಾ, ಸೆನ್‌ಹೈಸರ್ ಮಾರಿಹೋಯಿತಂತೆ. ಎಕೆಜಿ ಈಗ ಸ್ಯಾಮ್‌ಸಂಗ್‌ನವರದಂತೆ. ಬೇಯರ್‌ಡೈನಾಮಿಕ್ ಕೂಡ ಚೀನಾ ಕಂಪನಿಯ ಪಾಲಾಯಿತಂತೆ. ಹಳೆಯ ಹೆಸರು ನಂಬಿ ದುಡ್ಡು ಹಾಕಬಹುದೇ?" ಎಂದು ಕೇಳಿದ.

ಇದು ಅವನೊಬ್ಬನ ಪ್ರಶ್ನೆಯಲ್ಲ. ಇಪ್ಪತ್ತು ವರ್ಷಗಳಿಂದ ಹೆಡ್‌ಫೋನು, ಸ್ಪೀಕರುಗಳ ಹಿಂದೆ ಬಿದ್ದಿರುವ ನನಗೆ ಗೆಳೆಯರು, ಬಂಧುಗಳು ಈಚೆಗೆ ಕೇಳುತ್ತಿರುವುದೇ ಇದು. ನಮ್ಮ ಬೀದಿಯ ಹೋಟೆಲ್ ಮಾರಾಟವಾದಾಗ ನಾವು ಏನು ವಿಚಾರಿಸುತ್ತೇವೆ? ಬೋರ್ಡು ಬದಲಾಯಿತೇ ಎಂದು ಯಾರೂ ಕೇಳುವುದಿಲ್ಲ. ಭಟ್ಟರು ಇದ್ದಾರೋ ಹೋದರೋ ಎಂದು ಕೇಳುತ್ತೇವೆ. ಆಡಿಯೊ ಬ್ರ್ಯಾಂಡ್‌ಗಳಿಗೂ ಮೊದಲ ಪ್ರಶ್ನೆ ಅದೇ. ಎರಡನೆಯದೊಂದಿದೆ, ಅದನ್ನು ಹೆಚ್ಚಿನವರು ಕೇಳುವುದಿಲ್ಲ: ಕೊಂಡವರು ಯಾಕೆ ಕೊಂಡರು? ಅವರಿಗೆ ನಿಜವಾಗಿ ಬೇಕಾಗಿದ್ದ ವಸ್ತು ಆ ಮನೆಯಲ್ಲಿ ಚೆನ್ನಾಗಿ ಬಾಳುತ್ತದೆ. ಅದರ ಜೊತೆಗೆ ಗಂಟುಮೂಟೆಯಾಗಿ ಬಂದದ್ದು ಮೂಲೆ ಸೇರುತ್ತದೆ. ಇಷ್ಟು ವರ್ಷ ನೋಡಿದ ಮೇಲೆ ನಾನು ಗಟ್ಟಿಯಾಗಿ ನಂಬಿರುವ ಮಾತು ಇದು. ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡೇ ಒಂದೊಂದು ಬ್ರ್ಯಾಂಡನ್ನೂ ನೋಡೋಣ.

ಎಕೆಜಿ: ಹೆಸರು ಕೊರಿಯಾಕ್ಕೆ, ಕೈಗಳು ವಿಯೆನ್ನಾದಲ್ಲೇ

ನನಗೆ ಅತಿ ಹೆಚ್ಚು ನೋವು ಕೊಟ್ಟ ಕಥೆ ಇದು. ಎಕೆಜಿ ಹುಟ್ಟಿದ್ದು 1947ರಲ್ಲಿ, ಯುದ್ಧದಿಂದ ಜರ್ಝರಿತವಾಗಿದ್ದ ವಿಯೆನ್ನಾ ನಗರದಲ್ಲಿ. ಸಿ12, ಸಿ414ರಂಥ ಮೈಕ್ರೊಫೋನ್‌ಗಳನ್ನು ಜಗತ್ತಿನ ಸ್ಟುಡಿಯೊಗಳಿಗೆ ಕೊಟ್ಟ ಮನೆ ಅದು. 1990ರ ದಶಕದಲ್ಲಿ ಅಮೆರಿಕದ ಆಡಿಯೊ ಕಂಪನಿ ಹಾರ್ಮನ್ ಅದನ್ನು ಕೊಂಡಿತು. ಆದರೂ ವಿಯೆನ್ನಾದಲ್ಲಿ ಎಂಜಿನಿಯರುಗಳು ಉಳಿದರು, ಕೆಲಸ ನಡೆಯಿತು. 2016ರ ನವೆಂಬರ್‌ನಲ್ಲಿ ಸ್ಯಾಮ್‌ಸಂಗ್ ಸುಮಾರು 800 ಕೋಟಿ ಡಾಲರ್ ಕೊಟ್ಟು ಹಾರ್ಮನ್ನನ್ನೇ ಕೊಳ್ಳುವುದಾಗಿ ಪ್ರಕಟಿಸಿತು. 2017ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿಯಿತು.

ಸ್ಯಾಮ್‌ಸಂಗ್‌ಗೆ ಬೇಕಾಗಿದ್ದದ್ದು ಏನು? ಆಗ ಹಾರ್ಮನ್‌ನ ಆದಾಯದ ಮೂರನೇ ಎರಡು ಭಾಗದಷ್ಟು ಬರುತ್ತಿದ್ದುದು ಕಾರುಗಳಿಂದ. ಕಾರಿನೊಳಗಿನ ಪರದೆ, ಸಂಪರ್ಕ ವ್ಯವಸ್ಥೆ, ಸ್ಪೀಕರು, ಇವೆಲ್ಲವನ್ನೂ ಕಾರು ಕಂಪನಿಗಳಿಗೆ ಒದಗಿಸುವ ವ್ಯಾಪಾರ ಅದು. ಹಾರ್ಮನ್‌ನ ದೊಡ್ಡ ಎಂಜಿನಿಯರಿಂಗ್ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಹೆಚ್ಚಿನವರು ಕಾರಿನ ಮಾತನ್ನೇ ಆಡುತ್ತಾರೆ. ವಿಯೆನ್ನಾದ ಮೈಕ್ರೊಫೋನು, ಹೆಡ್‌ಫೋನುಗಳು ಆ ದೊಡ್ಡ ಗಂಟಿನೊಳಗಿನ ಒಂದು ಸಣ್ಣ ಪೊಟ್ಟಣವಷ್ಟೇ.

2017ರಲ್ಲಿ ವಿಯೆನ್ನಾದ ಕಚೇರಿಗೆ ಬೀಗ ಬಿತ್ತು. ಅದೇ ವರ್ಷ ಗ್ಯಾಲಕ್ಸಿ ಎಸ್8 ಫೋನಿನ ಡಬ್ಬಿಯಲ್ಲಿ ಎಕೆಜಿ ಹೆಸರು ಹೊತ್ತ ಇಯರ್‌ಫೋನ್ ಬಂತು. ಎಪ್ಪತ್ತು ವರ್ಷ ಹೆಚ್ಚಾಗಿ ಸ್ಟುಡಿಯೊದವರಿಗೇ ಗೊತ್ತಿದ್ದ ಆ ಮೂರಕ್ಷರ ಕೋಟ್ಯಂತರ ಜನರ ಕಿವಿಗೆ ತಲುಪಿದ್ದು, ಅದನ್ನು ಕಟ್ಟಿದವರು ಮನೆಗೆ ಹೋದ ವರ್ಷವೇ.

ಆದರೆ ಭಟ್ಟರು ಸುಮ್ಮನೆ ಕೂರಲಿಲ್ಲ. ಹಳೆಯ ಎಕೆಜಿ ಎಂಜಿನಿಯರುಗಳು ಸೇರಿಕೊಂಡು ಅದೇ ಊರಿನಲ್ಲಿ, 2017ರಲ್ಲೇ, ಆಸ್ಟ್ರಿಯನ್ ಆಡಿಯೊ ಎಂಬ ಕಂಪನಿ ತೆರೆದರು. ಅವರ ಒಸಿ818 ಮೈಕ್ರೊಫೋನ್‌ನ ಒಳಗಿರುವ ಕ್ಯಾಪ್ಸೂಲ್, ಅಂದರೆ ಧ್ವನಿ ಹಿಡಿಯುವ ಭಾಗ, ಹಳೆಯ ಎಕೆಜಿ ಸಿಕೆ12 ಪರಂಪರೆಯದು. ಈ ಸಲ ಅದನ್ನು ಸೆರಾಮಿಕ್‌ನಲ್ಲಿ ಮಾಡಿದ್ದಾರೆ. ಹೆಡ್‌ಫೋನುಗಳನ್ನೂ ತಯಾರಿಸುತ್ತಾರೆ.

ಹಾಗಾದರೆ ಏನು ಕೊಳ್ಳಬೇಕು? ಹೆಸರು ಎಕೆಜಿ ಎಂಬ ಕಾರಣಕ್ಕೆ ಫೋನಿನ ಇಯರ್‌ಬಡ್ ಕೊಳ್ಳಬೇಡಿ. ಅದು ಚೆನ್ನಾಗಿದ್ದರೆ ಸ್ಯಾಮ್‌ಸಂಗ್ ಇಯರ್‌ಬಡ್ ಎಂದೇ ಕೊಳ್ಳಿ. ಕೆ240 ಸ್ಟುಡಿಯೊ, ಕೆ702ರಂಥ ಹಳೆಯ ವಿನ್ಯಾಸಗಳ ಮಾತು ಬೇರೆ. ಅವು ಈಗ ವಿಯೆನ್ನಾದಲ್ಲಿ ತಯಾರಾಗುವುದಿಲ್ಲ, ನಿಜ. ಆದರೆ ವಿನ್ಯಾಸ ಮುಗಿದು ದಶಕಗಳೇ ಆಗಿವೆ. ತಂತಿಯನ್ನು ಕೈಯಿಂದಲೇ ಕಳಚಿ ಹೊಸದನ್ನು ಹಾಕಬಹುದು, ಇಯರ್‌ಪ್ಯಾಡ್ ಬದಲಾಯಿಸಬಹುದು. ಯಜಮಾನರಿಂದ ಅವುಗಳಿಗೆ ಮುಂದೆ ಏನೂ ಬೇಕಾಗಿಲ್ಲ. ಕಡಿಮೆ ಬೆಲೆಗೆ ಸಿಕ್ಕಾಗ ಕೆ702 ಇಂದಿಗೂ ಒಳ್ಳೆಯ ಖರೀದಿ ಎಂಬುದು ನನ್ನ ಅನುಭವ. ತಂಬೂರಿಯ ಶ್ರುತಿಯ ಸುತ್ತ ಇರುವ ಗಾಳಿಯನ್ನು ಅದು ಬಿಡಿಸಿ ಕೇಳಿಸುತ್ತದೆ. ಫೋನಿಗೆ ನೇರವಾಗಿ ಸಿಕ್ಕಿಸಿದರೆ ಮಾತ್ರ ಸಪ್ಪೆಯಾಗಿ ಕೇಳುತ್ತದೆ, ಸಣ್ಣದೊಂದು ಆಂಪ್ಲಿಫೈಯರ್ ಬೇಕು. ಕೈಯಲ್ಲಿ ಹೆಚ್ಚು ಹಣವಿದ್ದು, ಆ ಕೈಗಳ ಕೆಲಸವೇ ಬೇಕೆಂದರೆ ಆಸ್ಟ್ರಿಯನ್ ಆಡಿಯೊ ಕಡೆಗೆ ಹೋಗಿ.

ಸೆನ್‌ಹೈಸರ್: ಒಂದು ಮನೆ ಎರಡು ಪಾಲಾದಂತೆ

"ಸೆನ್‌ಹೈಸರ್ ಮಾರಿಹೋಯಿತು" ಎನ್ನುವುದು ಅರ್ಧ ಸತ್ಯ. ನಮ್ಮಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡುವಾಗ ಅಂಗಡಿ ಒಬ್ಬರಿಗೆ, ತೋಟ ಒಬ್ಬರಿಗೆ ಎಂದು ಹಂಚುವುದಿಲ್ಲವೇ, ಅಂಥದ್ದು ಇದು. ಇಲ್ಲಿ ಒಂದು ಪಾಲು ಮನೆಯ ಹೊರಗಿನವರಿಗೆ ಹೋಯಿತು. 1945ರಲ್ಲಿ ಜರ್ಮನಿಯ ಹ್ಯಾನೋವರ್ ಬಳಿ ಶುರುವಾದ ಈ ಕಂಪನಿ ಇಂದಿಗೂ ಆ ಕುಟುಂಬದ ಕೈಯಲ್ಲಿದೆ. ವೇದಿಕೆಯ ಮೈಕ್ರೊಫೋನು, ಸ್ಟುಡಿಯೊ ಸಲಕರಣೆ ಅವರದೇ. 1991ರಲ್ಲಿ ಅವರೇ ಕೊಂಡ ಬರ್ಲಿನ್‌ನ ಮೈಕ್ರೊಫೋನ್ ಕಂಪನಿ ನ್ಯೂಮನ್ ಕೂಡ ಅವರ ಬಳಿಯೇ ಇದೆ. ಮನೆಬಳಕೆಯ ಹೆಡ್‌ಫೋನು, ಇಯರ್‌ಬಡ್ಡು, ಸೌಂಡ್‌ಬಾರ್‌ಗಳ ವಿಭಾಗವನ್ನು ಮಾತ್ರ ಸ್ವಿಟ್ಜರ್ಲೆಂಡಿನ ಸೊನೊವಾ ಕಂಪನಿಗೆ 20 ಕೋಟಿ ಯೂರೊಗಳಿಗೆ ಮಾರಲು 2021ರಲ್ಲಿ ಒಪ್ಪಿದರು. 2022ರ ಮಾರ್ಚ್‌ನಲ್ಲಿ ಹಸ್ತಾಂತರವಾಯಿತು. ಸೆನ್‌ಹೈಸರ್ ಎಂಬ ಹೆಸರು ಬಳಸುವ ಹಕ್ಕೂ ಜೊತೆಗೆ ಹೋಯಿತು.

ಸೊನೊವಾ ಶ್ರವಣ ಸಾಧನಗಳ ಕಂಪನಿ. ಫೋನಾಕ್ ಎಂಬ ಹೆಸರಿನ ಶ್ರವಣ ಸಾಧನ ನಿಮ್ಮ ಮನೆಯ ಹಿರಿಯರ ಕಿವಿಯಲ್ಲಿದ್ದರೂ ಇರಬಹುದು. ಕಿವಿ ಮಂದವಾಗುವ ಮೊದಲೇ ಗ್ರಾಹಕರ ಪರಿಚಯ ಮಾಡಿಕೊಳ್ಳುವುದು, ಇಯರ್‌ಬಡ್‌ಗೂ ಶ್ರವಣ ಸಾಧನಕ್ಕೂ ನಡುವಿನ ಜಾಗದಲ್ಲಿ ನೆಲೆಯೂರುವುದು ಅವರ ಲೆಕ್ಕ. ಹಾಗಿದ್ದರೆ ದೊಡ್ಡ ತಂತಿ ಹೆಡ್‌ಫೋನುಗಳು ಗಂಟುಮೂಟೆಯ ಪಾಲಾಗುತ್ತವೆ ಎಂದು ನಾನೂ ಹೆದರಿದ್ದೆ. ಇಲ್ಲಿಯವರೆಗೆ ಹಾಗಾಗಿಲ್ಲ. ಉತ್ತಮ ಹೆಡ್‌ಫೋನುಗಳನ್ನು ತಯಾರಿಸುವ ಐರ್ಲೆಂಡಿನ ಟುಲ್ಲಮೋರ್ ಕಾರ್ಖಾನೆ ಮಾರಾಟದ ಭಾಗವಾಗಿಯೇ ಹೋಯಿತು, ಅಂದರೆ ಭಟ್ಟರು ಹೋಟೆಲಿನ ಜೊತೆಗೇ ಹೋದರು. 2023ರಲ್ಲಿ ಎಚ್‌ಡಿ 660ಎಸ್2, ಆಮೇಲೆ ಎಚ್‌ಡಿ 620ಎಸ್ ಬಂದವು. 1997ರ ಎಚ್‌ಡಿ 600 ಇನ್ನೂ ತಯಾರಾಗುತ್ತಿದೆ.

ಆ ಎಚ್‌ಡಿ 600 ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನು ಹೇಳಬೇಕಾದ ಮಾತೆಲ್ಲ ಅದರ ಮೈಯಲ್ಲೇ ಇದೆ. ನನ್ನ ಬಳಿ ಇರುವುದಕ್ಕೆ ಹದಿನಾಲ್ಕು ವರ್ಷ. ಕಳೆದ ಮಳೆಗಾಲದಲ್ಲಿ ಎಡಗಡೆಯ ಧ್ವನಿ ಬಂದು ಬಂದು ಹೋಗತೊಡಗಿತು. ಊಟದ ಮೇಜಿನ ಮೇಲೆ ಒಂದು ಟವೆಲ್ ಹಾಸಿ ಬಿಚ್ಚಿದೆ. ಸ್ಕ್ರೂ ಡ್ರೈವರ್ ಬೇಕಾಗಲಿಲ್ಲ. ಇಯರ್‌ಪ್ಯಾಡನ್ನು ಬೆರಳಿನಿಂದ ಹಿಡಿದು ಎಳೆದರೆ ಟಕ್ಕೆಂದು ಬಿಡುತ್ತದೆ. ಅದರ ಹಿಂದೆ ಒಂದು ತೆಳು ಸ್ಪಂಜಿನ ಹಾಳೆ, ಅದರ ಹಿಂದೆ ಧ್ವನಿ ಹೊಮ್ಮಿಸುವ ಡ್ರೈವರ್. ಎರಡೂ ಕಿವಿಗೆ ಬೇರೆ ಬೇರೆ ತಂತಿ. ಪ್ರತಿ ತಂತಿಯ ತುದಿಯಲ್ಲಿ ಎರಡು ಕಡ್ಡಿ, ಒಂದು ದಪ್ಪ, ಒಂದು ಸಣ್ಣ. ತಿರುಗಾಮುರುಗಾ ಸಿಕ್ಕಿಸಲು ಆಗಲೇಬಾರದೆಂದು ಯಾರೋ ಒಬ್ಬರು ಮೂವತ್ತು ವರ್ಷದ ಹಿಂದೆ ಕೂತು ಯೋಚಿಸಿದ್ದಾರೆ. ಆ ಸಣ್ಣ ಕಡ್ಡಿಯ ಮೇಲೆ ನಮ್ಮ ಮಳೆಗಾಲದ ಕಿಲುಬು ಕೂತಿತ್ತು. ಒರೆಸಿ ಸಿಕ್ಕಿಸಿದೆ, ಸರಿಯಾಯಿತು. ಹಾಗಾಗದಿದ್ದರೂ ಹೊಸ ತಂತಿ ಸಿಗುತ್ತದೆ, ಪ್ಯಾಡ್ ಸಿಗುತ್ತದೆ, ಬೆಸುಗೆಯ ಗೋಜಿಲ್ಲದೆ ಡ್ರೈವರನ್ನೇ ಬದಲಾಯಿಸಲೂಬಹುದು. ಅದನ್ನು ಕೊಂಡಾಗ ಯಜಮಾನರು ಒಬ್ಬರು, ಈಗ ಮತ್ತೊಬ್ಬರು. ಮೇಜಿನ ಮೇಲಿದ್ದ ಆ ವಸ್ತುವಿಗೆ ಅದು ಗೊತ್ತೇ ಇಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪಾಲಾದ ಮನೆಗೆ ಬಾಗಿಲು ಎರಡು. ಎಚ್‌ಡಿ 600, ಮೊಮೆಂಟಮ್, ಹೆಸರಿನಲ್ಲಿ ಪ್ರೊ ಇಲ್ಲದ ಐಇ ಇಯರ್‌ಫೋನ್‌ಗಳು ಸೊನೊವಾ ಬಾಗಿಲಿಗೆ. ಎಚ್‌ಡಿ 25, ಎಚ್‌ಡಿ 280 ಪ್ರೊ, ಎಚ್‌ಡಿ 490 ಪ್ರೊ ಕುಟುಂಬದ ಬಾಗಿಲಿಗೆ. ಡಬ್ಬಿಯ ಮೇಲಿನ ಹೆಸರು ಒಂದೇ ಆದರೂ ದುರಸ್ತಿಗೆ ಹೋದಾಗ ತಪ್ಪು ಬಾಗಿಲು ತಟ್ಟಿದರೆ ಅಲೆದಾಟ ಖಂಡಿತ. ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿಕೊಳ್ಳಿ.

ಬೀಟ್ಸ್ ಮತ್ತು ಆಡೀಝ್: ಎರಡು ದೈತ್ಯರು, ಎರಡು ಬಗೆ

2014ರಲ್ಲಿ ಆ್ಯಪಲ್ ಬೀಟ್ಸ್ ಕಂಪನಿಯನ್ನು 300 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಸೋನಿಯ ಪ್ಲೇಸ್ಟೇಷನ್ ವಿಭಾಗ ಕ್ಯಾಲಿಫೋರ್ನಿಯಾದ ಆಡೀಝ್ ಕಂಪನಿಯನ್ನು ಕೊಂಡಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ "ಯಾಕೆ ಕೊಂಡರು" ಎಂಬ ಪ್ರಶ್ನೆಯ ಬಲ ಗೊತ್ತಾಗುತ್ತದೆ.

ಆ್ಯಪಲ್‌ಗೆ ಬೀಟ್ಸ್‌ನ ಸಂಗೀತ ಸೇವೆ ಬೇಕಿತ್ತು, ಅದನ್ನು ಕಟ್ಟಿದ ಸಂಗೀತ ಜಗತ್ತಿನ ಜನ ಬೇಕಿತ್ತು. ಮರುವರ್ಷವೇ ಆ ಸೇವೆ ಆ್ಯಪಲ್ ಮ್ಯೂಸಿಕ್ ಆಗಿ ಬಂತು, ಬೀಟ್ಸ್ ಮ್ಯೂಸಿಕ್ ಮುಚ್ಚಿತು. ಹೆಡ್‌ಫೋನುಗಳ ಹೆಸರು ಮಾತ್ರ ಉಳಿಯಿತು, ಒಳಗೆ ಆ್ಯಪಲ್‌ನ ಎಲೆಕ್ಟ್ರಾನಿಕ್ಸ್ ಬಂತು. 2016ರ ಸೋಲೊ3ಯಲ್ಲಿ ಆ್ಯಪಲ್‌ನದೇ ಡಬ್ಲ್ಯು1 ಚಿಪ್ ಇತ್ತು. ಐಫೋನ್ ಹತ್ತಿರ ಹಿಡಿದರೆ ತಾನಾಗಿ ಜೋಡಿಯಾಗುತ್ತಿತ್ತು. ನನ್ನ ಕಿವಿಗೆ ಬೀಟ್ಸ್ ಮೊದಲಿಗಿಂತ ಚೆನ್ನಾಯಿತು. ಮಾರಾಟಕ್ಕೆ ಮುಂಚಿನ ಬೀಟ್ಸ್‌ನ ಊದಿದ ಮಂದ್ರ ನನಗೆ ಎಂದೂ ಹಿಡಿಸಿರಲಿಲ್ಲ. ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದಲ್ಲಿ ಗಮಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದೇ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ದೊಡ್ಡ ಕಂಪನಿ ಕೊಂಡರೆ ಎಲ್ಲವೂ ಹಾಳಾಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು. ಆದರೆ ಯಜಮಾನರ ಆಸಕ್ತಿ ಎಲ್ಲಿಲ್ಲವೋ ಅಲ್ಲಿ ಸೊರಗುವುದನ್ನೂ ಬೀಟ್ಸ್‌ನಲ್ಲೇ ಕಾಣಬಹುದು. 2015ರ ಪಿಲ್ ಪ್ಲಸ್ ಸ್ಪೀಕರ್ ಬಹುಕಾಲ ಹಾಗೆಯೇ ಉಳಿದು, 2022ರಲ್ಲಿ ನಿಂತುಹೋಯಿತು. 2024ರಲ್ಲಿ ಹೊಸ ಪಿಲ್ ಬರುವವರೆಗೆ ಆ ಜಾಗ ಖಾಲಿ.

ಆಡೀಝ್ ಕಥೆ ಇದಕ್ಕೆ ವಿರುದ್ಧ. 2008ರಲ್ಲಿ ಹುಟ್ಟಿದ ಈ ಸಣ್ಣ ಕಂಪನಿಯ ಆಸ್ತಿಯೆಂದರೆ ಪ್ಲೇನಾರ್ ಡ್ರೈವರ್. ಸಾಮಾನ್ಯ ಹೆಡ್‌ಫೋನಿನಲ್ಲಿ ತಂತಿಯ ಸುರುಳಿಯೊಂದು ಪುಟ್ಟ ಶಂಕುವನ್ನು ತಳ್ಳುತ್ತದೆ. ಪ್ಲೇನಾರ್‌ನಲ್ಲಿ ಅತಿ ತೆಳುವಾದ ಅಗಲ ಪೊರೆಯೊಂದರ ಮೇಲೇ ವಿದ್ಯುತ್ ಹರಿಯುವ ಗೆರೆಗಳಿರುತ್ತವೆ, ಎದುರಿನ ಅಯಸ್ಕಾಂತಗಳ ನಡುವೆ ಇಡೀ ಪೊರೆ ಒಟ್ಟಿಗೆ ಅಲುಗುತ್ತದೆ. ಸೋನಿಗೆ ಬೇಕಾಗಿದ್ದದ್ದು ಈ ವಿದ್ಯೆಯೇ. ಪ್ಲೇಸ್ಟೇಷನ್‌ನ ಪಲ್ಸ್ ಎಲೀಟ್, ಪಲ್ಸ್ ಎಕ್ಸ್‌ಪ್ಲೋರ್‌ಗಳಲ್ಲಿ ಪ್ಲೇನಾರ್ ಡ್ರೈವರ್ ಬಂತು. ಆಡೀಝ್ ಮಾತ್ರ ಸ್ವತಂತ್ರವಾಗಿ ನಡೆಯುತ್ತದೆ, ಬೇರೆ ಸಾಧನಗಳಿಗೂ ಹೆಡ್‌ಫೋನ್ ಮಾಡುತ್ತದೆ ಎಂದು ಆಗಲೇ ಹೇಳಿದರು, ಹಾಗೆಯೇ ನಡೆದುಕೊಂಡರು. ಅವರ ಮ್ಯಾಕ್ಸ್‌ವೆಲ್ ಗೇಮಿಂಗ್ ಹೆಡ್‌ಸೆಟ್‌ಗೆ ಪ್ರತಿಸ್ಪರ್ಧಿಯ ಎಕ್ಸ್‌ಬಾಕ್ಸ್‌ಗೆಂದೇ ಬೇರೆ ಆವೃತ್ತಿ ಇದೆ. ಭಟ್ಟರಿಗಾಗಿಯೇ ಹೋಟೆಲ್ ಕೊಂಡವರು ಭಟ್ಟರನ್ನು ಕಳಿಸುವುದಿಲ್ಲ.

ಇವೆರಡರ ನಡುವೆ ಆಯ್ಕೆ ಕಷ್ಟವಲ್ಲ. ಬಸ್ಸು, ಮೆಟ್ರೊ, ನಡಿಗೆಯಲ್ಲಿ ಕೇಳಲು, ಕೈಯಲ್ಲಿ ಐಫೋನ್ ಇದ್ದರೆ ಬೀಟ್ಸ್. ಆಂಡ್ರಾಯ್ಡ್ ಇದ್ದರೂ ಸ್ಟುಡಿಯೊ ಪ್ರೊ ಸಲೀಸಾಗಿ ಜೋಡಿಯಾಗುತ್ತದೆ. ಆದರೆ ನಾಲ್ಕೈದು ವರ್ಷದ ವಸ್ತು ಎಂದುಕೊಂಡೇ ಕೊಳ್ಳಿ, ಬ್ಯಾಟರಿ ಮುಗಿದ ಮೇಲೆ ಅದರ ಆಯುಷ್ಯವೂ ಮುಗಿದಂತೆ. ಮನೆಯಲ್ಲಿ ಕೂತು ಕೇಳಲು, ಭಾರವಾದ ಹೆಡ್‌ಫೋನ್ ಹೊರಲು ಕುತ್ತಿಗೆ ಒಪ್ಪಿದರೆ ಆಡೀಝ್. ಅವರ ಎಲ್‌ಸಿಡಿ ಸಾಲಿನಲ್ಲಿ ಹಲವು ಅರ್ಧ ಕಿಲೊಗೂ ಹೆಚ್ಚು ತೂಗುತ್ತವೆ, ಹಾಕಿ ನೋಡದೆ ಕೊಳ್ಳಲೇಬೇಡಿ.

ಬವರ್ಸ್ ಆ್ಯಂಡ್ ವಿಲ್ಕಿನ್ಸ್ ಎದುರು ಕೆಫ್: ಸ್ಪೀಕರ್ ಕೊಳ್ಳುವವರಿಗೆ

ಇಂಗ್ಲೆಂಡಿನ ಎರಡು ಹೆಸರಾಂತ ಸ್ಪೀಕರ್ ಮನೆಗಳು. 1966ರಲ್ಲಿ ವರ್ದಿಂಗ್ ಊರಿನಲ್ಲಿ ಶುರುವಾದದ್ದು ಬವರ್ಸ್ ಆ್ಯಂಡ್ ವಿಲ್ಕಿನ್ಸ್. 1961ರಲ್ಲಿ ಕೆಂಟ್ ಪ್ರಾಂತದಲ್ಲಿ ಶುರುವಾದದ್ದು ಕೆಫ್. ಎರಡೂ ಪರರ ಪಾಲಾದವು.

ಬವರ್ಸ್ ಆ್ಯಂಡ್ ವಿಲ್ಕಿನ್ಸ್ 2016ರಲ್ಲಿ ಈವಾ ಆಟೊಮೇಷನ್ ಎಂಬ ಸಿಲಿಕಾನ್ ವ್ಯಾಲಿಯ ಪುಟ್ಟ ಹೊಸ ಕಂಪನಿಯ ಕೈ ಸೇರಿತು. 2020ರಲ್ಲಿ ಡೆನಾನ್, ಮರಾಂಟ್ಜ್ ಒಡೆತನದ ಸೌಂಡ್ ಯುನೈಟೆಡ್‌ಗೆ ಹೋಯಿತು. 2022ರಲ್ಲಿ ಸೌಂಡ್ ಯುನೈಟೆಡ್ ಅನ್ನೇ ಮಾಸಿಮೊ ಕೊಂಡಿತು. ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ಎದೆ ಹೊಡೆದುಕೊಳ್ಳುತ್ತ ನೋಡುತ್ತಿದ್ದ ಆಕ್ಸಿಮೀಟರ್ ಇದೆಯಲ್ಲ, ಆ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಸಿಮೊ. ವೈದ್ಯಕೀಯ ಸಾಧನಗಳನ್ನು ಮನೆಮನೆಗೆ ಮುಟ್ಟಿಸಲು ಆಡಿಯೊ ಅಂಗಡಿಗಳ ದಾರಿ ಬೇಕೆಂದು 102.5 ಕೋಟಿ ಡಾಲರ್ ಕೊಟ್ಟರು. ಸುದ್ದಿ ಹೊರಬಿದ್ದ ಕೂಡಲೇ ಷೇರುದಾರರು ಸಿಟ್ಟಾದರು, ಷೇರಿನ ಬೆಲೆ ಕುಸಿಯಿತು. 2025ರಲ್ಲಿ ಆ ಇಡೀ ಆಡಿಯೊ ವಿಭಾಗವನ್ನು ಹಾರ್ಮನ್‌ಗೆ 35 ಕೋಟಿ ಡಾಲರ್‌ಗೆ ಬಿಟ್ಟುಕೊಟ್ಟರು. ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ. ಹತ್ತು ವರ್ಷದೊಳಗೆ ನಾಲ್ಕು ಯಜಮಾನರು.

ಕೆಫ್ 1992ರಲ್ಲಿ ಕಷ್ಟದಲ್ಲಿದ್ದಾಗ ಹಾಂಕಾಂಗ್‌ನ ಗೋಲ್ಡ್ ಪೀಕ್ ಕೊಂಡಿತು. ಅಂದಿನಿಂದ ಯಜಮಾನರು ಬದಲಾಗಿಲ್ಲ. ಗೋಲ್ಡ್ ಪೀಕ್ ತಾನೇ ತಯಾರಿಕಾ ಕಂಪನಿ. ಕಾರ್ಖಾನೆ ನಡೆಸುವುದು ಗೊತ್ತಿತ್ತು, ಇಲ್ಲದಿದ್ದದ್ದು ಹೆಸರು ಮತ್ತು ಸಂಶೋಧನೆ. ಹಾಗಾಗಿ ಮೇಡ್‌ಸ್ಟೋನ್ ಊರಿನ ಸಂಶೋಧನಾ ತಂಡವನ್ನು ಉಳಿಸಿ ಬೆಳೆಸಿದರು. ಉಚ್ಚ ಸ್ವರದ ಡ್ರೈವರನ್ನು ದೊಡ್ಡ ಡ್ರೈವರಿನ ನಟ್ಟನಡುವೆ ಕೂರಿಸುವ ಯೂನಿ-ಕ್ಯೂ ವಿನ್ಯಾಸ ಕೆಫ್ 1988ರಲ್ಲೇ ತಂದಿತ್ತು. ಹೊಸ ಯಜಮಾನರ ಕಾಲದಲ್ಲಿ ಅದನ್ನು ತಿದ್ದುತ್ತ ತಿದ್ದುತ್ತ 2012ರಲ್ಲಿ ಎಲ್‌ಎಸ್50 ಎಂಬ ಪುಟ್ಟ ಸ್ಪೀಕರ್ ಹೊರಬಂತು. ಬೆಂಗಳೂರಿನ ಒಂದು ಮಳಿಗೆಯಲ್ಲಿ ಅದನ್ನು ಮೊದಲ ಸಲ ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಣ್ಣು ಮುಚ್ಚಿದರೆ ಎರಡು ಡಬ್ಬಿಗಳೂ ಮಾಯವಾಗಿ, ಹಾಡುವವರು ಎದುರಿನ ಗೋಡೆಗಿಂತ ಒಂದು ಮಾರು ಹಿಂದೆ ಕೂತಂತಿತ್ತು. ಬ್ರಿಟನ್ನಿನ ಇನ್ನೊಂದು ಹಳೆಯ ಹೆಸರು ವಾರ್ಫ್‌ಡೇಲ್ ಕೂಡ ಚೀನಾದ ಐಎಜಿ ಸಮೂಹದಲ್ಲಿ ಹೀಗೆಯೇ ಗಟ್ಟಿಯಾಗಿದೆ. ಮಧ್ಯಮ ವರ್ಗದ ಮನೆಗೆ ಕೈಗೆಟುಕುವ ಸ್ಪೀಕರ್ ಬೇಕೆಂದರೆ ನಾನು ಮೊದಲು ಹೇಳುವುದೇ ಅದರ ಡೈಮಂಡ್ ಸಾಲನ್ನು. "ಚೀನಾದವರು ಕೊಂಡರು, ಇನ್ನು ಮುಗಿಯಿತು" ಎನ್ನುವವರಿಗೆ ಈ ಎರಡು ಹೆಸರುಗಳೇ ಉತ್ತರ.

ಬವರ್ಸ್ ಆ್ಯಂಡ್ ವಿಲ್ಕಿನ್ಸ್ ಕೊಳ್ಳಲೇಬಾರದೇ? ಕೊಳ್ಳಬಹುದು. ಅಷ್ಟೊಂದು ಕೈ ಬದಲಾದರೂ ವರ್ದಿಂಗ್‌ನ ಕಾರ್ಖಾನೆ ನಡೆಯುತ್ತಲೇ ಬಂದಿದೆ. ಮರದ ಡಬ್ಬಿ, ಡ್ರೈವರು, ಹಿಂದೆ ತಂತಿ ಕಟ್ಟುವ ಎರಡು ತಿರುಪು ಇರುವ ಸಾದಾ ಸ್ಪೀಕರನ್ನು ಕಣ್ಣು ಮುಚ್ಚಿ ಕೊಳ್ಳಿ. ಅದಕ್ಕೆ ಆ್ಯಪ್ ಬೇಕಿಲ್ಲ, ಸರ್ವರ್ ಬೇಕಿಲ್ಲ. ಮೂವತ್ತು ವರ್ಷದ ನಂತರವೂ ಒಂದು ಆಂಪ್ಲಿಫೈಯರ್ ಸಿಕ್ಕಿದರೆ ಹಾಡುತ್ತದೆ. ಅದೇ ಬ್ರ್ಯಾಂಡಿನ ನಿಸ್ತಂತು ಸ್ಪೀಕರಾದರೆ ಒಂದೆರಡು ವರ್ಷ ಕಾಯುತ್ತೇನೆ. ಹೊಸ ಯಜಮಾನರ ಬಳಿ ಈಗಾಗಲೇ ಜೆಬಿಎಲ್, ಹಾರ್ಮನ್ ಕಾರ್ಡನ್‌ಗಳಿವೆ, ಡೆನಾನ್‌ನ ನಿಸ್ತಂತು ವ್ಯವಸ್ಥೆ ಹೀಯೋಸ್ ಕೂಡ ಬಂದಿದೆ. ಯಾವ ಆ್ಯಪನ್ನು ಉಳಿಸುತ್ತಾರೆ, ಯಾವುದನ್ನು ಬೆರೆಸುತ್ತಾರೆ ಎಂಬುದು ತಿಳಿಯಾಗಲಿ.

ಆ್ಯಪ್ ಎಂಬ ಬೇಡಿ

ಆ್ಯಪ್ ಬಗ್ಗೆ ನನಗೆ ಇಷ್ಟು ಭಯ ಏಕೆಂದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಸಣ್ಣ ಕಂಪನಿಯೊಂದರ ನಿಸ್ತಂತು ಇಯರ್‌ಫೋನ್ ಕೊಂಡಿದ್ದೆ. ನಿಮ್ಮ ಕಿವಿಯನ್ನು ಪರೀಕ್ಷಿಸಿ, ಕಿವಿಗೆ ತಕ್ಕಂತೆ ಧ್ವನಿಯನ್ನು ಹೊಂದಿಸುವುದು ಅದರ ವಿಶೇಷ. ಆ ಹೊಂದಾಣಿಕೆ ನಡೆಯುತ್ತಿದ್ದುದು ಆ್ಯಪ್‌ನಲ್ಲಿ. ಕಂಪನಿ ಕೈ ಬದಲಾಯಿತು. ಮೊದಲು ಬಿಡಿಭಾಗ ಸಿಗುವುದು ನಿಂತಿತು, ಆಮೇಲೆ ಹೊಸ ಫೋನಿನಲ್ಲಿ ಆ್ಯಪ್ ತೆರೆಯದಾಯಿತು. ಇಯರ್‌ಫೋನಿನ ಒಂದು ಎಳೆಯೂ ಕೆಟ್ಟಿರಲಿಲ್ಲ. ಆದರೆ ಯಾವ ಕಾರಣಕ್ಕೆ ಹೆಚ್ಚು ಹಣ ಕೊಟ್ಟಿದ್ದೆನೋ ಅದು ಹೋಯಿತು. ಪತ್ರ ಬರೆದೆ, ಉತ್ತರ ಬರಲಿಲ್ಲ. ಎಚ್‌ಡಿ 600 ಬಿಚ್ಚಿದ ಅದೇ ಊಟದ ಮೇಜಿನ ಮೇಲೆ ಇದನ್ನೂ ಇಟ್ಟುಕೊಂಡು ಕೂತಿದ್ದೆ. ಅಂಟು ಹಾಕಿ ಮುಚ್ಚಿದ್ದ ಅದನ್ನು ಬಿಚ್ಚಲು ಉಗುರು ಹೋಗುವಷ್ಟು ಸಂದೂ ಇರಲಿಲ್ಲ.

ಬ್ರ್ಯಾಂಡ್ ನುಂಗಿಹೋದ ಉದಾಹರಣೆಗಳು

ಕೆಲವೊಮ್ಮೆ ಹೆಸರೇ ಕರಗುತ್ತದೆ. ಯೇಟಿ ಮೈಕ್ರೊಫೋನ್ ತಯಾರಿಸುತ್ತಿದ್ದ ಬ್ಲೂ ಕಂಪನಿಯನ್ನು ಲಾಜಿಟೆಕ್ 2018ರಲ್ಲಿ 11.7 ಕೋಟಿ ಡಾಲರ್‌ಗೆ ಕೊಂಡಿತು. 2023ರಲ್ಲಿ ಬ್ಲೂ ಎಂಬ ಬ್ರ್ಯಾಂಡನ್ನು ಬದಿಗಿಟ್ಟು, ಯೇಟಿಯನ್ನು ತನ್ನ ಗೇಮಿಂಗ್ ಸಾಲಿಗೆ ಸೇರಿಸಿತು. ಯೇಟಿ ಈಗಲೂ ಸಿಗುತ್ತದೆ, ಮಾತು ರೆಕಾರ್ಡ್ ಮಾಡಲು ಯೋಗ್ಯ. ಬ್ಲೂ ಮಾಡುತ್ತಿದ್ದ ದುಬಾರಿ ಸ್ಟುಡಿಯೊ ಮೈಕ್ರೊಫೋನ್‌ಗಳ ದಾರಿ ಮಾತ್ರ ಮುಚ್ಚಿತು. ಅದೇ ಲಾಜಿಟೆಕ್ 2008ರಲ್ಲಿ ಕೊಂಡ ಅಲ್ಟಿಮೇಟ್ ಇಯರ್ಸ್ ವೇದಿಕೆಯ ಮೇಲಿನ ಗಾಯಕರಿಗೆ ಕಿವಿಯೊಳಗಿನ ಮಾನಿಟರ್ ಮಾಡುತ್ತಿದ್ದ ಕಂಪನಿ. ಇಂದು ಆ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಬ್ಲೂಟೂತ್ ಸ್ಪೀಕರ್. ಗಿಬ್ಸನ್ ಗಿಟಾರ್ ಕಂಪನಿಯಂತೂ ರೆಕಾರ್ಡಿಂಗ್ ತಂತ್ರಾಂಶದ ಕೇಕ್‌ವಾಕನ್ನು 2013ರಲ್ಲಿ ಕೊಂಡು 2017ರಲ್ಲಿ ಬಾಗಿಲು ಹಾಕಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಎಂಬ ಕಂಪನಿ ಅದನ್ನು ಎತ್ತಿಕೊಳ್ಳದಿದ್ದರೆ ಎಷ್ಟೋ ಜನರ ಹಳೆಯ ರೆಕಾರ್ಡಿಂಗ್‌ಗಳು ಅನಾಥವಾಗುತ್ತಿದ್ದವು.

ಹಾಗೆಂದು ಮಾರಾಟವಾಗದ ಕಂಪನಿಯೇ ಸುರಕ್ಷಿತ ಎಂದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗ್ರ್ಯಾಡೊ ಕುಟುಂಬ, ಜಪಾನಿನಲ್ಲಿ ಆಡಿಯೊ-ಟೆಕ್ನಿಕಾ, ಅಮೆರಿಕದಲ್ಲಿ ಶೂರ್ ಇಂದಿಗೂ ಸ್ವತಂತ್ರ. ಇವುಗಳ ಬಗ್ಗೆ ನನಗೆ ಪ್ರೀತಿ ಇದೆ. ಆದರೆ ನಮಗೆ ಸಿಗುವ ಸೇವೆ ನಿಂತಿರುವುದು ಇಲ್ಲಿನ ಆಮದುದಾರರ ಮೇಲೆ. ಡಬ್ಬಿಯ ಹಿಂದೆ ಅಂಟಿಸಿರುವ ಬಿಳಿ ಚೀಟಿಯನ್ನು ಓದಿ. ಆಮದುದಾರರ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಅದರಲ್ಲಿ ಇರಲೇಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಆ ಸಂಖ್ಯೆಗೆ ಕೊಳ್ಳುವ ಮೊದಲೇ ಒಂದು ಕರೆ ಮಾಡಿ, "ಈ ಮಾದರಿಯ ಇಯರ್‌ಪ್ಯಾಡ್ ಸಿಗುತ್ತದೆಯೇ, ಎಷ್ಟು?" ಎಂದು ಕೇಳಿ. ಕಂಪನಿಯ ಒಡೆಯರು ಯಾರೆಂದು ತಿಳಿದುಕೊಳ್ಳುವುದಕ್ಕಿಂತ ಆ ಎರಡು ನಿಮಿಷದ ಕರೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ತಂಗಿಯ ಮಗನ ವಿಷಯ. ಅವನಿಗೆ ಬೇಕಾಗಿದ್ದದ್ದು ತಬಲಾ ರೆಕಾರ್ಡ್ ಮಾಡುವಾಗ ಹಾಕಿಕೊಳ್ಳಲು. ಹಾಗಾಗಿ ನನ್ನ ಪ್ರೀತಿಯ ಎಚ್‌ಡಿ 600, ಕೆ702 ಎರಡೂ ಆಗುವುದಿಲ್ಲ. ಅವುಗಳ ಹಿಂಬದಿ ತೆರೆದಿರುತ್ತದೆ, ತಾಳ ಹಿಡಿಯಲು ಕೇಳಿಕೊಳ್ಳುವ ಲೆಹರಾ, ಅಂದರೆ ಮರುಕಳಿಸುವ ಸ್ವರಸಾಲು, ಹೊರಗೆ ಸೋರಿ ಮೈಕ್ರೊಫೋನಿಗೆ ಬೀಳುತ್ತದೆ. ಹಿಂಬದಿ ಮುಚ್ಚಿದ್ದೇ ಬೇಕು. ಉಳಿದದ್ದು ಎರಡು: ಸೆನ್‌ಹೈಸರ್ ಕುಟುಂಬದ ಬಾಗಿಲಿನ ಎಚ್‌ಡಿ 280 ಪ್ರೊ, ಮತ್ತು ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ.

1924ರಲ್ಲಿ ಶುರುವಾಗಿ ನೂರು ವರ್ಷ ಕುಟುಂಬದ ಕೈಯಲ್ಲೇ ಇದ್ದ ಬೇಯರ್‌ಡೈನಾಮಿಕ್ಕನ್ನು ಚೀನಾದ ಕೊಸಾನಿಕ್ 12.2 ಕೋಟಿ ಯೂರೊಗಳಿಗೆ ಕೊಳ್ಳುವುದಾಗಿ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಅವನಿಗೆ ಅಳುಕಿದ್ದುದು ಇದಕ್ಕೇ. ಕೊಸಾನಿಕ್ ಬೇರೆಯವರಿಗಾಗಿ ಆಡಿಯೊ ಸಾಧನ ತಯಾರಿಸುತ್ತ ಬಂದ ಕಂಪನಿ. ಕೆಫ್ ಕೊಂಡ ಗೋಲ್ಡ್ ಪೀಕ್‌ನಂತೆ ಅವರಿಗೂ ಕಾರ್ಖಾನೆ ಇತ್ತು, ಹೆಸರು ಬೇಕಿತ್ತು. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿರುವ ತಂಡವನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ನಾನು ಆಸ್ಥೆಯಿಂದ ಗಮನಿಸುತ್ತಿದ್ದೇನೆ. ಆದರೆ ಡಿಟಿ 770 ಪ್ರೊ ನಾಲ್ಕು ದಶಕಗಳ ಹಿಂದಿನ ವಿನ್ಯಾಸ. ಮೆತ್ತನೆಯ ಮಖಮಲ್ ಪ್ಯಾಡು, ತಲೆಪಟ್ಟಿ, ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಅದರಲ್ಲಿ ನನಗೆ ಕಾಣುವ ಒಂದೇ ಕೊರತೆ ಕಳಚಲಾಗದ ತಂತಿ. 2024ರಲ್ಲಿ ಶತಮಾನೋತ್ಸವಕ್ಕೆಂದು ಬಂದ ಡಿಟಿ 770 ಪ್ರೊ ಎಕ್ಸ್‌ನಲ್ಲಿ ಅದನ್ನೂ ಸರಿಪಡಿಸಿದ್ದಾರೆ, ತಂತಿ ಕಳಚುತ್ತದೆ. ಅದರ ವಿದ್ಯುತ್ ಪ್ರತಿರೋಧ 48 ಓಮ್ ಮಾತ್ರ ಆದ್ದರಿಂದ ಅವನ ಸಾಧಾರಣ ರೆಕಾರ್ಡಿಂಗ್ ಸಾಧನಕ್ಕೂ ಭಾರವಾಗದು.

ಎಕ್ಸ್ ಅನ್ನೇ ತರಿಸಿದ. ಡಬ್ಬಿ ಬಂದ ಸಂಜೆ ವಿಡಿಯೊ ಕರೆ ಮಾಡಿದ. ಹಾಡು ಕೇಳುವ ಮೊದಲು ಎಡಗಡೆಯ ಪ್ಯಾಡ್ ಕಳಚಿಸಿದೆ. ಅದರ ಅಂಚು ಬಟ್ಟಲಿನ ಸುತ್ತಲಿನ ಕಂಠದಲ್ಲಿ ಕೂತಿರುತ್ತದೆ, ಮರಳಿ ಹಾಕುವುದು ಸುಲಭವಲ್ಲ. ಒಂದು ಕಡೆ ಸಿಕ್ಕಿಸಿದರೆ ಇನ್ನೊಂದು ಕಡೆ ಬಿಡುತ್ತಿತ್ತು. ತಂಗಿ ಹಿಂದಿನಿಂದ ಬಂದು, "ಹೊಸದನ್ನೇ ಯಾಕೆ ಕಿತ್ತು ಕೂತಿದ್ದೀಯೋ" ಎಂದು ಗದರಿದಳು. ನಾಲ್ಕನೇ ಸಲಕ್ಕೆ ಅಂಚು ಪೂರ್ತಿ ಕೂತಿತು. ಆಮೇಲೆ ತೀನ್‌ತಾಲದ ಒಂದು ಲೆಹರಾ ಹಾಕಿಕೊಂಡು ಕೇಳಿದ, ಫೋನ್ ಇಡುವುದನ್ನೇ ಮರೆತ.